ನಮ್ಮ ವೆಸ್ಟ್‌ವುಡ್ಡು, ಅವರ ವೆಸ್ಟ್‌ವುಡ್ಡು

"ಸುಬ್ಬಣ್ಣ, ನೀವು ರೈಲು ಬಿಡ್ತಿದೀರಿ," ಅಂದ ಗಿರಿ, ಮೊಬೈಲನ್ನು ಅವರ ಮೂಗಿನ ತುದಿಗೆ ಹಿಡಿದು. "ಡಿಫೆಂಡರ್ ಆಗಿದ್ದ ಆಶ್ಲಿ ವೆಸ್ಟ್‌ವುಡ್ ಬಂದು ಬೆಂಗಳೂರಿನ ಫುಟ್‌ಬಾಲ್ ತಂಡ ಕಟ್ಟಿದ ಅಂತೀರಲ್ಲ, ನೋಡಿ ಇಲ್ಲಿ. ಆಶ್ಲಿ ವೆಸ್ಟ್‌ವುಡ್. ಹುಟ್ಟಿದ್ದು 1990. ಮಿಡ್‌ಫೀಲ್ಡರ್. ಡಿಫೆಂಡರ್ ಅಲ್ಲವೇ ಅಲ್ಲ. ಕ್ರೂ ಅಲೆಗ್ಸಾಂಡ್ರಾ, ಆಸ್ಟನ್ ವಿಲ್ಲಾ, ಬರ್ನ್‌ಲಿ, ಆಮೇಲೆ ಅಮೆರಿಕದ ಷಾರ್ಲಟ್. ಬೆಂಗಳೂರು ಅನ್ನೋ ಹೆಸರು ಭೂತಗನ್ನಡಿ ಹಿಡಿದು ಹುಡುಕಿದರೂ ಇಲ್ಲ."

ಸುಬ್ಬಣ್ಣನವರು ಕನ್ನಡಕ ಹಣೆಗೇರಿಸಿದರು. ಎಚ್‌ಎಎಲ್‌ನಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದವರು, ಕಾರ್ಖಾನೆಯ ಒಳಗಿನ ಪಂದ್ಯಗಳಲ್ಲಿ ಲೆಫ್ಟ್ ಬ್ಯಾಕ್, ಅಂದರೆ ಎಡಗಡೆ ಕಾಯುವ ಡಿಫೆಂಡರ್, ಆಗಿ ಆಡಿದವರು. ಅವರ ಪ್ರಕಾರ ಲೋಕದಲ್ಲಿ ಇರೋದು ಎರಡೇ ಜಾತಿ: ಬ್ಯಾಕ್ ಆಡುವವರು, ಬ್ಯಾಕ್ ಆಡುವವರ ದುಡಿಮೆಯಲ್ಲಿ ಹೆಸರು ಮಾಡುವವರು.

"ಅದು ಅವರ ವೆಸ್ಟ್‌ವುಡ್ಡು ಕಣಯ್ಯ. ನಾನು ಹೇಳ್ತಿರೋದು ನಮ್ಮ ವೆಸ್ಟ್‌ವುಡ್ಡು. ಹುಟ್ಟಿದ್ದು 1976, ಆಗಸ್ಟ್ 31. ಶ್ರಾಪ್‌ಷೈರಿನ ಬ್ರಿಜ್‌ನಾರ್ತ್ ಅನ್ನೋ ಊರು. ಸೆಂಟರ್ ಬ್ಯಾಕ್."

"ಒಂದೇ ಹೆಸರಿನವರು ಇಬ್ಬರು?"

"ಹೆಸರೊಂದೇ ಅಲ್ಲ, ಕ್ಲಬ್ಬೂ ಒಂದೇ. ಇಬ್ಬರೂ ಕ್ರೂನಲ್ಲಿ ಆಡಿದಾರೆ. ನಮ್ಮವನು 1995ರಿಂದ 98ರವರೆಗೆ. ಅವರವನು ಅಲ್ಲೇ ಪಳಗಿ ಮೇಲೆ ಬಂದವನು, ಹತ್ತು ಹನ್ನೆರಡು ವರ್ಷ ಈಚೆಗೆ."

ಧಾರವಾಡದ ಬಸಣ್ಣ ಶೇಂಗಾ ಸುಲಿಯುವುದನ್ನು ನಿಲ್ಲಿಸಿದ. "ಹಂಗಾದ್ರ ಆ ಊರಾಗ ವೆಸ್ಟ್‌ವುಡ್ ಅಂದ್ರ ನಮ್ಮ ಕಡೆ ಬಸವರಾಜ ಇದ್ದಂಗ ಬಿಡ್ರಿ. ನಮ್ಮ ಸಾಲ್ಯಾಗ ಒಂದೇ ಬೆಂಚಿನ್ಯಾಗ ಮೂರು ಮಂದಿ ಬಸವರಾಜ ಇದ್ವಿ. ಒಬ್ಬಾವ ತಪ್ಪು ಮಾಡಿದ್ರ ಮಾಸ್ತರು ಮೂರೂ ಮಂದಿಗೆ ಬಾರಸ್ತಿದ್ರು. ಹುಡುಕಾಡೋ ತ್ರಾಸು ಯಾಕ ಅಂತ."

"ಕ್ರೂ ಅಂದರೇನು ಅಂದ್ಕೊಂಡ್ರಿ?" ಸುಬ್ಬಣ್ಣ ಮುಂದುವರಿಸಿದರು. "ದೊಡ್ಡ ರೈಲ್ವೆ ಜಂಕ್ಷನ್. ಉತ್ತರಕ್ಕೆ ಹೋಗೋರು, ವೇಲ್ಸಿಗೆ ಹೋಗೋರು ಅಲ್ಲಿಳಿದು ಗಾಡಿ ಬದಲಾಯಿಸಬೇಕು. ಕ್ಲಬ್ಬಿನ ಅಡ್ಡಹೆಸರೇ ರೈಲ್ವೆಮೆನ್."

"ಅಂದರೆ ರೈಲು ಬಿಡ್ತಿರೋದು ನಿಜವೇ ಆಯ್ತು," ಅಂದ ಪ್ರಕಾಶ.

ಪ್ರಕಾಶನ ಬಗ್ಗೆ ಒಂದು ಮಾತು ಹೇಳಬೇಕು. ಅವನು ಶುದ್ಧ ಕ್ರಿಕೆಟ್ಟಿಗ, ಅಂದರೆ ಸೋಫಾ ಮೇಲಿನ ಕ್ರಿಕೆಟ್ಟಿಗ. ಸ್ಕೋರು ಹತ್ತಕ್ಕಿಂತ ಕಡಿಮೆ ಇರುವ ಯಾವ ಆಟವೂ ಆಟವಲ್ಲ ಅನ್ನುವುದು ಅವನ ಸಿದ್ಧಾಂತ. ತೊಂಬತ್ತು ನಿಮಿಷ ಓಡಾಡಿ 0-0 ಅಂದರೆ ಅವನಿಗೆ ಹೊಟ್ಟೆ ಉರಿಯುತ್ತದೆ, ಟಿಕೆಟ್ ದುಡ್ಡು ಬೇರೆಯವರದ್ದಾದರೂ.

"ಸರಿ, ನಿಮ್ಮವನ ಜಾತಕ ಹೇಳಿ ನೋಡೋಣ. ಗ್ರಹಗತಿ ನಾನು ನೋಡ್ತೀನಿ," ಅಂತ ಕೈಕಟ್ಟಿ ಕೂತ.

"ಮ್ಯಾಂಚೆಸ್ಟರ್ ಯುನೈಟೆಡ್ಡಿನಲ್ಲಿ ತಯಾರಾದ ಹುಡುಗ ಅವನು."

ಗಿರಿ ನೆಟ್ಟಗಾದ. "ಬೆಕ್‌ಹಮ್ ಜೊತೆಗಾ?"

"ಬೆಕ್‌ಹಮ್, ಗಿಗ್ಸ್, ಗ್ಯಾರಿ ನೆವಿಲ್ ಇವರದು 1992ರಲ್ಲಿ ಎಫ್‌ಎ ಯೂತ್ ಕಪ್ ಗೆದ್ದ ಬ್ಯಾಚು. ನಮ್ಮವನದು 1995ರದು. ಇವರೂ ಆ ಕಪ್ ಗೆದ್ದರು. ಫೈನಲ್ಲಿನಲ್ಲಿ ಟಾಟನ್‌ಹ್ಯಾಮು, ಪೆನಾಲ್ಟಿ ಷೂಟೌಟ್‌ವರೆಗೂ ಎಳೀತು. ಕ್ಯಾಪ್ಟನ್ನು ಗ್ಯಾರಿಯ ತಮ್ಮ, ಫಿಲ್ ನೆವಿಲ್."

"ಆಮೇಲೆ ದೊಡ್ಡ ತಂಡದಲ್ಲಿ ಎಷ್ಟು ಮ್ಯಾಚು?"

"ಒಂದೂ ಇಲ್ಲ."

ಪ್ರಕಾಶ ನಮ್ಮೆಲ್ಲರ ಮುಖ ಒಂದು ಸುತ್ತು ನೋಡಿ ಬಂದ, ಕೇಳಿಸ್ಕೊಂಡ್ರಾ ಅನ್ನೋ ಹಾಗೆ.

"ಎದುರಿಗೆ ಯಾರಿದ್ದರು ಅದನ್ನೂ ಕೇಳಯ್ಯ! ಸ್ಟೀವ್ ಬ್ರೂಸು, ಗ್ಯಾರಿ ಪ್ಯಾಲಿಸ್ಟರು. ಅವರಿಬ್ಬರ ನಡುವೆ ನುಗ್ಗೋಕೆ ಚೆಂಡಿಗೇ ಜಾಗ ಇರ್ತಿರಲಿಲ್ಲ, ಹತ್ತೊಂಬತ್ತರ ಹುಡುಗನಿಗೆ ಎಲ್ಲಿಂದ ಬರಬೇಕು? ಇನ್ನು ಆ ಬ್ರೂಸ್ ಕಥೆ ಕೇಳು. ಯುನೈಟೆಡ್ಡಿನ ಕ್ಯಾಪ್ಟನ್ ಆಗಿ ಲೀಗ್ ಗೆದ್ದ, ಕಪ್ ಗೆದ್ದ. ಇಂಗ್ಲೆಂಡಿನ ಸೀನಿಯರ್ ತಂಡಕ್ಕೆ ಒಂದೇ ಒಂದು ದಿನ ಕರೆದು ಆಡಿಸಲಿಲ್ಲ. ಬ್ಯಾಕ್‌ಗಳ ಹಣೆಬರಹ ನೋಡು."

"ಹಣೆ ಕೊಟ್ಟು ಕೊಟ್ಟು ಬರಹ ಅಳಿಸಿ ಹೋಗಿರ್ತದ್ರೀ," ಅಂದ ಬಸಣ್ಣ. ಇದು ಬ್ರೂಸನ ಮಟ್ಟಿಗೆ ಸತ್ಯಕ್ಕೆ ಬಹಳ ಹತ್ತಿರ. ಆ ಮನುಷ್ಯನ ಮೂಗು ಎಷ್ಟು ಸಲ ಮುರಿದಿತ್ತು ಅಂತ ಅವನ ಫೋಟೋ ನೋಡಿದವರಿಗೆ ಬಾಯಿಬಿಟ್ಟು ಹೇಳಬೇಕಿಲ್ಲ.

ಕ್ರೂನಲ್ಲಿ ಡಾರಿಯೋ ಗ್ರಾಡಿ ಅನ್ನುವ ಮ್ಯಾನೇಜರು ಕೈತುಂಬ ಹುಡುಗರನ್ನು ಇಟ್ಟುಕೊಂಡು ತಂಡ ಕಟ್ಟುತ್ತಿದ್ದ ಕಾಲ. ಮುಂದೆ ಲಿವರ್‌ಪೂಲಿಗೆ ಆಡಿದ ಡ್ಯಾನಿ ಮರ್ಫಿ ಅದೇ ತಂಡದಲ್ಲಿದ್ದ. 1997ರ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ಪ್ಲೇಆಫ್ ಫೈನಲ್ಲು. ಬ್ರೆಂಟ್‌ಫರ್ಡನ್ನು 1-0ಯಲ್ಲಿ ಸೋಲಿಸಿ ಕ್ರೂ ಒಂದು ಡಿವಿಷನ್ ಮೇಲೇರಿತು.

"ಹೊಡೆದದ್ದು ಒಂದೇ ಗೋಲಾ?" ಪ್ರಕಾಶ ಕೆಣಕಿದ.

"ಬಿಟ್ಟುಕೊಟ್ಟದ್ದು ಸೊನ್ನೆ. ಆ ಸೊನ್ನೆ ನಮ್ಮವರದು," ಅಂದರು ಸುಬ್ಬಣ್ಣ.

1998ರಲ್ಲಿ ವೆಸ್ಟ್‌ವುಡ್ ಬ್ರ್ಯಾಡ್‌ಫರ್ಡ್ ಸಿಟಿಗೆ ಹೋದ. ಮರುವರ್ಷವೇ ಬ್ರ್ಯಾಡ್‌ಫರ್ಡು ಎಲ್ಲಕ್ಕಿಂತ ಮೇಲಿನ ಪ್ರೀಮಿಯರ್ ಲೀಗಿಗೆ ಬಡ್ತಿ ಪಡೀತು. ಇಷ್ಟು ಹೇಳಿ ಸುಬ್ಬಣ್ಣ ಗೆದ್ದವರ ಹಾಗೆ ಮೀಸೆ ಮುಟ್ಟಿಕೊಂಡರು. ಪ್ರಕಾಶ ಮಾತ್ರ ಪಟ್ಟು ಬಿಡಲಿಲ್ಲ.

"ಪ್ರೀಮಿಯರ್ ಲೀಗಿನಲ್ಲಿ ಎಷ್ಟು ಆಡಿದ?"

"ಬೆರಳೆಣಿಕೆ."

"ಒಂದು ಕೈಯದೋ, ಎರಡು ಕೈಯದೋ?"

ಸುಬ್ಬಣ್ಣನವರಿಗೆ ಬೇಡದ ಪ್ರಶ್ನೆ ಕಿವಿಗೆ ಬೀಳುವುದಿಲ್ಲ. ಸೀದಾ ಬ್ರ್ಯಾಡ್‌ಫರ್ಡಿನ ಕಡೇ ಪಂದ್ಯಕ್ಕೆ ಹಾರಿದರು. "2000ದ ಮೇ. ಗೆಲ್ಲಲಿಲ್ಲ ಅಂದರೆ ಕೆಳಗಿಳಿಯೋ ಭಯ. ಎದುರಿಗೆ ಲಿವರ್‌ಪೂಲು, ಅವರಿಗೆ ಚಾಂಪಿಯನ್ಸ್ ಲೀಗಿಗೆ ಹೋಗೋ ಆಸೆ. ಗೆದ್ದದ್ದು ಬ್ರ್ಯಾಡ್‌ಫರ್ಡು, 1-0. ಗೋಲು ಹೊಡೆದವನು ಡೇವಿಡ್ ವೆದರಾಲ್. ಅವನು ಯಾರು ಗೊತ್ತೋ? ಸೆಂಟರ್ ಬ್ಯಾಕು! ಸ್ಟ್ರೈಕರುಗಳು ಏನು ಕತ್ತೆ ಕಾಯ್ತಿದ್ರು ಅಂತ ನಾನು ಕೇಳೋದಿಲ್ಲ."

ಕೇಳಿಯೇ ಬಿಟ್ಟಿದ್ದರು.

ಅಲ್ಲಿಂದ ಷೆಫೀಲ್ಡ್ ವೆಡ್ನ್ಸ್‌ಡೇ. ಹೆಸರೇ ಬುಧವಾರ ಅಂತ ಇರುವ ಕ್ಲಬ್ಬು ಅದು. 2000ದಲ್ಲಿ ಇವನು ಕಾಲಿಡುವಾಗ ಆ ತಂಡ ಆಗತಾನೆ ಪ್ರೀಮಿಯರ್ ಲೀಗಿನಿಂದ ಕೆಳಕ್ಕೆ ಬಿದ್ದಿತ್ತು. 2003ರಲ್ಲಿ ಇವನು ಬಿಡುವ ಹೊತ್ತಿಗೆ ಇನ್ನೂ ಒಂದು ಡಿವಿಷನ್ ಕೆಳಕ್ಕೆ ಹೋಯಿತು.

"ಕಾಲ್ಗುಣ!" ಪ್ರಕಾಶ ತೊಡೆ ತಟ್ಟಿದ. "ಬುಧವಾರ ಹೋಗಿ ಶನಿವಾರ ವಕ್ಕರಿಸಿತು ಅನ್ನಿ."

"ಬ್ರ್ಯಾಡ್‌ಫರ್ಡ್ ಮೇಲೆ ಹೋದಾಗ ಕಾಲ್ಗುಣ ನೆನಪಾಗಲಿಲ್ವೇನೋ? ಬಡ್ತಿ ಬಂದರೆ ತಂಡದ ಶ್ರಮ, ಇಳಿದರೆ ಡಿಫೆಂಡರ್ ಕಾಲ್ಗುಣ. ಚೆನ್ನಾಗಿದೆ ನಿನ್ನ ಲೆಕ್ಕ! ಅಲ್ಲಯ್ಯ, ಅಲ್ಲಿ ಕೊನೆಗೆ ಬಂದವರನ್ನು ಕೆಳಗಿನ ಡಿವಿಷನ್ನಿಗೆ ತಳ್ಳಿಬಿಡ್ತಾರೆ, ದಯೆ ದಾಕ್ಷಿಣ್ಯ ಇಲ್ಲ. ಐಪಿಎಲ್ಲಿನಲ್ಲಿ ಅದೇ ಪದ್ಧತಿ ಇದ್ದಿದ್ದರೆ? 2017ರಲ್ಲಿ ನಿಮ್ಮ ಆರ್‌ಸಿಬಿ ಕೊನೇ ಸ್ಥಾನ. 2019ರಲ್ಲಿ ಮತ್ತೆ ಕೊನೇ ಸ್ಥಾನ. ಇಷ್ಟು ಹೊತ್ತಿಗೆ ಕೊಹ್ಲಿ ಹೋಬಳಿ ಮಟ್ಟದ ಟೂರ್ನಮೆಂಟಿನಲ್ಲಿ ಟೆನಿಸ್ ಬಾಲ್ ಆಡ್ತಿರ್ತಿದ್ದ."

ಪ್ರಕಾಶ 2025ರ ಕಪ್ಪಿನ ಮಾತೆತ್ತಲು ಬಾಯಿ ತೆರೆದ. ಬಸಣ್ಣ ಆ ಬಾಯಿಗೆ ನಾಲ್ಕು ಶೇಂಗಾ ಹಾಕಿದ.

ಷೆಫೀಲ್ಡಿನ ಆಮೇಲಿನದು ಉದ್ದನೆಯ ಪಟ್ಟಿ. ನಾರ್ಥಾಂಪ್ಟನ್, ಚೆಸ್ಟರ್, ಪೋರ್ಟ್ ವೇಲ್, ರೆಕ್ಸಮ್, ಕ್ರಾಲಿ. ನಡುವೆ ಇನ್ನೂ ಒಂದೆರಡು. ಸುಬ್ಬಣ್ಣ ಬೆರಳು ಮಡಿಸುತ್ತ ಹೋದರು.

"ಸಾಮಾನು ಬಿಚ್ಚೋದ್ರಾಗ ಕಟ್ಟೋ ಹೊತ್ತು ಬಂತು ಅನ್ರಿ," ಅಂದ ಬಸಣ್ಣ. "ಹೆಂಡ್ತಿ ಏನಂದಿರಬೇಕ್ರೀ ಪಾಪ!"

"ರೆಕ್ಸಮ್ ಅಂದರೆ ಆ ಹಾಲಿವುಡ್ ನಟರು ಕೊಂಡ ಕ್ಲಬ್ಬಲ್ವಾ? ರಾಯನ್ ರೆನಾಲ್ಡ್ಸ್‌ದು?" ಗಿರಿಯ ಕಣ್ಣು ಮತ್ತೆ ಅರಳಿತು.

"ಅದು 2021ರಲ್ಲಿ. ಇವನಿದ್ದದ್ದು 2009-10ರ ಸುಮಾರಿಗೆ. ಆಗ ರೆಕ್ಸಮ್ ಲೀಗಿನಿಂದಲೇ ಹೊರಬಿದ್ದು ಐದನೇ ದರ್ಜೆಯಲ್ಲಿ ಒದ್ದಾಡ್ತಿತ್ತು. ಕ್ಯಾಮೆರಾ ಬರೋ ಮುಂಚೆ ಬಂದ, ಕ್ಯಾಮೆರಾ ಬರೋ ಮುಂಚೆ ಹೋದ."

"ಒಟ್ಟಿನಲ್ಲಿ," ಪ್ರಕಾಶ ಶೇಂಗಾ ನುಂಗಿ ತೀರ್ಪು ಕೊಡಲು ತಯಾರಾದ, "ಯುನೈಟೆಡ್ಡಿನಲ್ಲಿ ಸೊನ್ನೆ, ಪ್ರೀಮಿಯರ್ ಲೀಗಿನಲ್ಲಿ ಬೆರಳೆಣಿಕೆ, ಆಮೇಲೆ ಊರೂರು ಸುತ್ತಾಟ. ಇಷ್ಟು ವರ್ಷ ಆ ಮನುಷ್ಯ ಮೈದಾನದಲ್ಲಿ ಮಾಡಿದ್ದಾದರೂ ಏನು?"

"ಏನೂ ಆಗದ ಹಾಗೆ ನೋಡಿಕೊಂಡ."

"ಅದೂ ಒಂದು ಕೆಲಸಾನಾ?"

ಗಿರಿ ಗಂಟಲು ಸರಿಮಾಡಿಕೊಂಡ. "ಅಂದರೆ ಪ್ರಕಾಶ, ಟೆಸ್ಟ್ ಮ್ಯಾಚಿನಲ್ಲಿ ನಮ್ಮ..."

"ದ್ರಾವಿಡ್ ಹೆಸರು ತಗೊಂಡ್ರ ನಾ ಎದ್ದು ಮನೀಗೆ ಹೋಗ್ತೀನಿ," ಅಂದ ಬಸಣ್ಣ. "ಈ ಊರಾಗ ಗ್ವಾಡಿ ಕಟ್ಟೋ ಗೌಂಡಿನ್ನ ಹೊಗಳಬೇಕಂದ್ರೂ ದ್ರಾವಿಡ್ ಬರ್ತಾನ."

ಗಿರಿ ಬಾಯಿ ಮುಚ್ಚಿದ. ಸುಬ್ಬಣ್ಣ ಮಾತ್ರ ಎದ್ದೇ ಬಿಟ್ಟರು. "ಏಳೋ ಪ್ರಕಾಶ. ಬಾ ಈ ಕಡೆ. ನೀನು ಸ್ಟ್ರೈಕರು. ಆ ಹೊಂಗೆ ಮರ ಕಾರ್ನರ್ ಫ್ಲ್ಯಾಗು. ಗಿರಿ, ನಿನ್ನ ಟವೆಲ್ಲು ಉಂಡೆ ಕಟ್ಟಿ ಅಲ್ಲಿಂದ ಎಸಿ. ಬಸಣ್ಣ ರೆಫರಿ."

ಪಾರ್ಕಿನ ಕಾಲುದಾರಿಯ ಪಕ್ಕದ ಹುಲ್ಲಿನ ಮೇಲೆ ಇಬ್ಬರೂ ನಿಂತರು. ಸುಬ್ಬಣ್ಣ ಎದುರುಬದುರು ನಿಲ್ಲಲಿಲ್ಲ, ಅರ್ಧ ಪಕ್ಕಕ್ಕೆ ತಿರುಗಿ ನಿಂತರು. ಕಣ್ಣು ಹೊಂಗೆ ಮರದ ಮೇಲೆ. ಎಡಗೈ ಹಿಂದಕ್ಕೆ ಚಾಚಿ, ಎರಡೇ ಎರಡು ಬೆರಳು ಪ್ರಕಾಶನ ಸೊಂಟಕ್ಕೆ ತಾಗಿಸಿಟ್ಟರು. ಒತ್ತಲಿಲ್ಲ, ಹಿಡಿಯಲಿಲ್ಲ.

"ನೋಡು, ನಾನು ನಿನ್ನ ಕಡೆ ನೋಡ್ತಾನೇ ಇಲ್ಲ. ನೋಡಿದರೆ ಚೆಂಡು ಕೈತಪ್ಪುತ್ತೆ. ಚೆಂಡನ್ನೇ ನೋಡ್ತಿದ್ದರೆ ನೀನು ಕೈತಪ್ಪುತ್ತೀಯ. ಅದಕ್ಕೇ ಕಣ್ಣು ಅಲ್ಲಿ, ಬೆರಳು ಇಲ್ಲಿ. ನೀನು ಯಾವ ಕಾಲಿಗೆ ಭಾರ ಹಾಕ್ತೀಯ ಅಂತ ನಿನಗಿಂತ ಮುಂಚೆ ಈ ಬೆರಳಿಗೆ ಗೊತ್ತಾಗುತ್ತೆ. ಹಾಂ, ಈಗ ಬಲಗಾಲಿಗೆ ಹಾಕಿದೆ."

ಪ್ರಕಾಶ ಕಾಲು ನೋಡಿಕೊಂಡ. ಬಲಗಾಲೇ.

ಗಿರಿ ಟವೆಲ್ ಎಸೆದ. ಪ್ರಕಾಶ ನೆಗೆಯಲು ಮಂಡಿ ಬಗ್ಗಿಸುವಷ್ಟರಲ್ಲಿ ಸುಬ್ಬಣ್ಣ ಅರ್ಧ ಹೆಜ್ಜೆ ಅವನ ಮುಂದಕ್ಕೆ ಸರಿದಿದ್ದರು, ಅಷ್ಟೇ. ಅರವತ್ತೆಂಟು ದಾಟಿದ ಆ ಭುಜ ಇವನ ಎದೆಗೆ ಅಡ್ಡ ಬಂತು. ಪ್ರಕಾಶ ಎಷ್ಟು ನೆಗೆದನೋ ಅಷ್ಟೂ ಹಿಂದಕ್ಕೆ ಹೋಯಿತು, ಮೇಲಕ್ಕೆ ಒಂದಂಗುಲ ಹೋಗಲಿಲ್ಲ. ಟವೆಲ್ಲು ಸುಬ್ಬಣ್ಣನವರ ಬೋಳುತಲೆಗೆ ಬಡಿದು ಬೇಲಿಯಾಚೆ ಬಿತ್ತು. ವಾಕಿಂಗ್ ಬರುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿ ಆಚೆ ದಾರಿ ಹಿಡಿದರು.

"ಶರ್ಟು ಹಿಡ್ಕೊಂಡ್ರಿ! ಗುಂಡಿ ಕಿತ್ತು ಬಂದಿದೆ ನೋಡಿ! ಫೌಲು!"

"ರೆಫರಿ ಏನಂತಾರೆ?"

"ನಾ ಶೇಂಗಾ ಸುಲೀಲಿಕ್ಕೆ ಹತ್ತಿದ್ದೆ," ಅಂದ ಬಸಣ್ಣ. "ಕಾಣ್ಲಿಲ್ರೀ."

"ಮುಗೀತು. ರೆಫರಿ ನೋಡದೇ ಇದ್ದದ್ದು ಫೌಲಲ್ಲ. ಇದನ್ನ ವಾರಕ್ಕೆರಡು ಮ್ಯಾಚಿನ ಹಾಗೆ, ಜನವರಿ ಚಳಿ ಮಳೇಲಿ, ಆರಡಿ ಮೂರಂಗುಲದವರ ಜೊತೆ, ಹದಿನೈದು ವರ್ಷಕ್ಕೂ ಹೆಚ್ಚು ಮಾಡಿ ನೋಡು. ಯಾವ ಟಿವಿಯೋನೂ ಇದನ್ನ ಮರುದಿನ ತೋರಿಸೋದಿಲ್ಲ. ಗೋಲು ಆಗಿಲ್ಲವಲ್ಲ, ಏನಂತ ತೋರಿಸ್ತಾನೆ?"

ಪ್ರಕಾಶ ಗುಂಡಿ ಹುಡುಕುತ್ತ ಹುಲ್ಲಿನಲ್ಲಿ ಕೂತಿದ್ದ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ ಅನ್ನುವುದನ್ನು ದಾಖಲೆಗಾಗಿ ಬರೆದಿಡುತ್ತೇನೆ.

ಆಟ ಬಿಟ್ಟ ಮೇಲೆ ವೆಸ್ಟ್‌ವುಡ್ ಮೈಕಲ್ ಆ್ಯಪಲ್ಟನ್ ಅನ್ನುವ ಮ್ಯಾನೇಜರಿನ ಜೊತೆ ಕೋಚಿಂಗಿಗೆ ಸೇರಿದ. ಪೋರ್ಟ್ಸ್‌ಮತ್ ಆಯ್ತು, ಬ್ಲ್ಯಾಕ್‌ಪೂಲ್ ಆಯ್ತು, ಬ್ಲ್ಯಾಕ್‌ಬರ್ನ್ ಆಯ್ತು. ಬ್ಲ್ಯಾಕ್‌ಪೂಲಿನಲ್ಲಿ ಆ್ಯಪಲ್ಟನ್ ಇದ್ದದ್ದು 65 ದಿನ. ಬ್ಲ್ಯಾಕ್‌ಬರ್ನಿನಲ್ಲಿ 67 ದಿನ.

"ಎರಡು ದಿನ ಪ್ರಗತಿ," ಅಂದ ಗಿರಿ.

"ಬ್ಲ್ಯಾಕ್‌ಬರ್ನಿನ ಮಾಲೀಕರು ಯಾರು ಹೇಳಿ ನೋಡೋಣ? ವೆಂಕೀಸು! ಪುಣೆಯ ಕೋಳಿ ಕಂಪನಿ. ಆ ಒಂದೇ ಋತುವಿನಲ್ಲಿ ಸ್ಟೀವ್ ಕೀನ್ ಹೋದ, ಹೆನಿಂಗ್ ಬರ್ಗ್ ಬಂದು 57 ದಿನಕ್ಕೆ ಹೋದ, ಆ್ಯಪಲ್ಟನ್ ಬಂದು ಹೋದ. 2013ರ ಮಾರ್ಚಿನಲ್ಲಿ ಎಲ್ಲ ಖಾಲಿ."

"ಕೋಳಿ ಅಂಗಡ್ಯಾಗ ಯಾರ್ರೀ ಭಾಳ ದಿನ ಉಳೀತಾರ?" ಬಸಣ್ಣ ಗಂಭೀರವಾಗಿ ಕೇಳಿದ.

ಇಲ್ಲಿ ನನ್ನದೊಂದು ಮಾತು ಸೇರಿಸಬೇಕು. ಲ್ಯಾಂಕಾಷೈರಿನಲ್ಲಿ ಪುಣೆಯವರ ಕ್ಲಬ್ಬಿನಿಂದ ಕೆಲಸ ಕಳೆದುಕೊಂಡ ಮನುಷ್ಯನಿಗೆ ನಾಲ್ಕೇ ತಿಂಗಳಲ್ಲಿ ಕೆಲಸ ಕೊಟ್ಟದ್ದು ಬೆಂಗಳೂರಿನಲ್ಲಿ ಹೊಸದಾಗಿ ಕ್ಲಬ್ಬು ಕಟ್ಟಲು ಹೊರಟ ಜಿಂದಾಲ್‌ನವರು. ಭಾರತ ಅವನನ್ನು ಒಂದು ಬಾಗಿಲಿಂದ ಆಚೆ ಹಾಕಿ ಇನ್ನೊಂದು ಬಾಗಿಲಿಂದ ಒಳಗೆ ಕರೆಯಿತು. ಬೇರೆ ಯಾರಾದರೂ ಆಗಿದ್ದರೆ ಹೆಸರು ಕೇಳಿಯೇ ವೀಸಾ ಅರ್ಜಿ ಹರಿದುಹಾಕುತ್ತಿದ್ದರು.

2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಮೈದಾನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. ಗರುಡಾ ಮಾಲಿಗೆ ಹೋಗುವವರು ಅದರ ಪಕ್ಕದಲ್ಲೇ ಸಾವಿರ ಸಲ ಓಡಾಡಿರುತ್ತಾರೆ, ಒಳಗೇನಿದೆ ಅಂತ ಇಣುಕಿರುವುದಿಲ್ಲ. ಕೋಚಿಗೆ ವಯಸ್ಸು ಇನ್ನೂ 36. ಮುಖ್ಯ ಕೋಚಿನ ಖುರ್ಚಿಯಲ್ಲಿ ಕೂತು ತಂಡ ಕಟ್ಟುವುದು ಅವನಿಗೂ ಹೊಸದು.

"ಹೊಸ ಮದುವೆ, ಹೊಸ ಮನೆ, ಹೊಸ ಪುರೋಹಿತ," ಅಂದ ಪ್ರಕಾಶ. ಗುಂಡಿ ಸಿಕ್ಕಿತ್ತು, ಧೈರ್ಯವೂ ಮರಳಿತ್ತು.

"ಅದಕ್ಕೂ ಮುಂಚೆ ಈ ಊರಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ ಅಂದ್ಕೋಬೇಡಿ," ಸುಬ್ಬಣ್ಣನವರ ದನಿ ಏರಿತು. "1948ರ ಲಂಡನ್ ಒಲಿಂಪಿಕ್ಸು. ಭಾರತದ ಮೊದಲನೇ ಒಲಿಂಪಿಕ್ ಗೋಲು. ಫ್ರಾನ್ಸ್ ವಿರುದ್ಧ. ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ತಂಡದಲ್ಲಿ ಹೆಚ್ಚಿನವರು ಬರಿಗಾಲು! ನಮ್ಮ ಎಚ್‌ಎಎಲ್ಲು, ಐಟಿಐ ತಂಡಗಳು ಮೈದಾನಕ್ಕಿಳಿದರೆ ಆಸ್ಟಿನ್ ಟೌನು, ಮರ್ಫಿ ಟೌನು, ಗೌತಮಪುರ ಖಾಲಿಯಾಗೋವು."

"ಎಚ್‌ಎಎಲ್ ಐ-ಲೀಗಿನಿಂದ, ಅಂದರೆ ಆಗಿನ ರಾಷ್ಟ್ರೀಯ ಲೀಗಿನಿಂದ, ಕೆಳಗಿಳಿದದ್ದು ಯಾವಾಗ?" ಪ್ರಕಾಶ ಮೆಲ್ಲಗೆ ಕೇಳಿದ.

"ಆ ಪ್ರಶ್ನೆ ವಿಷಯಕ್ಕೆ ಸಂಬಂಧಪಡೋದಿಲ್ಲ."

ಸೆಪ್ಟೆಂಬರ್ 22ರಂದು ಮೊದಲ ಪಂದ್ಯ, ಕೋಲ್ಕತ್ತದ ಮೋಹನ್ ಬಾಗಾನ್ ಮೇಲೆ. ಸೀನ್ ರೂನಿ ಅನ್ನುವ ಆಸ್ಟ್ರೇಲಿಯಾದವನು ಕ್ಲಬ್ಬಿನ ಮೊದಲ ಗೋಲು ಹೊಡೆದ, ಪಂದ್ಯ 1-1. ವೆಸ್ಟ್‌ವುಡ್ ಮೊದಲು ಭದ್ರ ಮಾಡಿಕೊಂಡದ್ದು ಹಿಂಬದಿಯನ್ನೇ. ತಾನು ಹಿಂದೆ ಆಡಿದ್ದ ನಾರ್ಥಾಂಪ್ಟನ್ನಿನಲ್ಲೇ ಆಡುತ್ತಿದ್ದ ಜಾನ್ ಜಾನ್ಸನ್ನನನ್ನು ಎತ್ತಿಕೊಂಡು ಬಂದ. ಮಿಡಲ್ಸ್‌ಬರೋದ ಹುಡುಗ, ಅವನೂ ಡಿಫೆಂಡರ್ರೇ. ಜೊತೆಗೆ ಕೀನ್ಯಾದ ಕರ್ಟಿಸ್ ಒಸಾನೊ. ಮುಂದೆ ಸುನಿಲ್ ಛೆಟ್ರಿ ಇದ್ದ, ಆ ಋತುವಿನ ಲೀಗಿನಲ್ಲಿ 14 ಗೋಲು ಹೊಡೆದ. ಅಭ್ಯಾಸದಲ್ಲಿ ಎಷ್ಟು ಓಡಿದ, ತಟ್ಟೆಯಲ್ಲಿ ಎಷ್ಟು ಎಣ್ಣೆ ಇದೆ, ಎಲ್ಲಕ್ಕೂ ಶಿಸ್ತು ಬಂತು.

"ಬೆಂಗಳೂರಿಗೆ ಬಂದು ಮಸಾಲೆದೋಸೆ ಎಣ್ಣೆ ಲೆಕ್ಕ ಕೇಳಿದೋನು ಬದುಕಿ ಉಳಿದದ್ದೇ ದೊಡ್ಡದು," ಅಂದ ಗಿರಿ.

2014ರ ಏಪ್ರಿಲ್ 21. ಗೋವಾದ ಫಟೋರ್ಡಾದಲ್ಲಿ ಡೆಂಪೊ ತಂಡವನ್ನು ಅವರದೇ ಅಂಗಳದಲ್ಲಿ 4-2ರಿಂದ ಸೋಲಿಸಿ ಬೆಂಗಳೂರು ಐ-ಲೀಗ್ ಗೆದ್ದಿತು. ಹುಟ್ಟಿ ಒಂದು ವರ್ಷವೂ ತುಂಬಿರಲಿಲ್ಲ, ಹಲ್ಲು ಬರುವ ಮುಂಚೆ ಕಪ್ಪು ಬಂತು. ಮರುವರ್ಷದ ಜನವರಿಯಲ್ಲಿ ಫೆಡರೇಷನ್ ಕಪ್, ಮತ್ತೆ ಗೋವಾದಲ್ಲಿ, ಮತ್ತೆ ಡೆಂಪೊ ಮೇಲೆ.

ಇದಾದ ಮೇಲೆ ಸುಬ್ಬಣ್ಣ ಸುಮ್ಮನಾದರು. ಮುಂದಿನದು ಅವರಿಗೆ ಹೇಳಲು ಇಷ್ಟವಿಲ್ಲದ ದಿನ ಅಂತ ನಮಗೆಲ್ಲ ಗೊತ್ತು. ಪ್ರಕಾಶನಿಗೂ ಗೊತ್ತು, ಅದಕ್ಕೇ ಕೇಳಿದ.

"2015ರ ಮೇ 31ಕ್ಕೆ ಏನಾಯ್ತು ಸುಬ್ಬಣ್ಣ?"

ಕಂಠೀರವ ಕ್ರೀಡಾಂಗಣ. ಐ-ಲೀಗಿನ ಕೊನೇ ಪಂದ್ಯ, ಮತ್ತದೇ ಮೋಹನ್ ಬಾಗಾನ್. ಬಾಗಾನಿಗೆ ಡ್ರಾ ಸಾಕು, ಬೆಂಗಳೂರಿಗೆ ಗೆಲುವೇ ಬೇಕು. ಸುಬ್ಬಣ್ಣ ಅಲ್ಲೇ ಇದ್ದರು. ಕಂಠೀರವದಲ್ಲಿ ಕೂತವರಿಗೂ ಚೆಂಡಿಗೂ ನಡುವೆ ಅಥ್ಲೆಟಿಕ್ ಟ್ರ್ಯಾಕು ಬೇರೆ, ಆಚೆ ಕೊನೆಯಲ್ಲಿ ಗೋಲಾದರೆ ಪಕ್ಕದವರನ್ನು ಕೇಳಿ ತಿಳಿಯಬೇಕು.

"41ನೇ ನಿಮಿಷ. ಜಾನ್ಸನ್ ಹೊಡೆದ. ಸೆಂಟರ್ ಬ್ಯಾಕ್ ಹೊಡೆದ! ನಾನು ಪಕ್ಕದಲ್ಲಿದ್ದ ಯಾರೋ ಪುಣ್ಯಾತ್ಮನನ್ನು ತಬ್ಬಿಕೊಂಡೆ. ಅವನು ಬಾಗಾನ್ ಕಡೆಯೋನು ಅಂತ ಆಮೇಲೆ ಗೊತ್ತಾಯ್ತು."

"ಆಮೇಲೆ?"

"87ನೇ ನಿಮಿಷ," ಅಂದರು. "ಕಾರ್ನರು. ಬೆಲ್ಲೊ ರಜಾಕ್ ತಲೆ ಕೊಟ್ಟ. 1-1."

"ಅವನ್ಯಾರು?"

"ನೈಜೀರಿಯಾದೋನು." ಸ್ವಲ್ಪ ತಡೆದು, ಹಲ್ಲು ಕಚ್ಚಿ: "ಸೆಂಟರ್ ಬ್ಯಾಕು."

ಪ್ರಕಾಶನ ನಗು ಪಾರ್ಕಿನ ಗೇಟಿನವರೆಗೆ ಹೋಗಿ ಬಂತು. "ಅಂದರೆ ಡಿಫೆಂಡರು ಕಟ್ಟಿದ ತಂಡಕ್ಕೆ ಡಿಫೆಂಡರು ಗೋಲು ಹೊಡೆದು, ಡಿಫೆಂಡರೇ ಬಂದು ಕಪ್ ಕಿತ್ತುಕೊಂಡು ಹೋದ! ಆಗ ಆ ಎರಡು ಬೆರಳು ಎಲ್ಲಿದ್ದವು ಸುಬ್ಬಣ್ಣ? ಸೊಂಟ ಸಿಗಲಿಲ್ವಾ?"

ಸುಬ್ಬಣ್ಣ ಉತ್ತರ ಕೊಡಲಿಲ್ಲ. ನನ್ನ ಅನಿಸಿಕೆ ಕೇಳಿದರೆ, ವೆಸ್ಟ್‌ವುಡ್ಡಿನ ಕಥೆಯಲ್ಲಿ ಅತ್ಯಂತ ಕ್ರೂರವಾದ ನಿಮಿಷ ಅದೇ. ಬಾಲ್ಯದಿಂದ ಕಲಿತದ್ದೇ ಕಾರ್ನರಿಗೆ ಅಡ್ಡ ನಿಲ್ಲುವುದನ್ನು. ಕಪ್ಪು ಹೋದದ್ದು ಕಾರ್ನರಿನಲ್ಲಿ, ಅವನು ಗೆರೆಯಾಚೆ ಪ್ಯಾಂಟು ಶರ್ಟು ಹಾಕಿಕೊಂಡು ನಿಂತಿದ್ದಾಗ.

ಮರುವರ್ಷ, 2016ರ ಏಪ್ರಿಲ್‌ನಲ್ಲಿ, ಮತ್ತೆ ಐ-ಲೀಗ್ ಗೆದ್ದರು. ಮೂರು ಋತು: ಒಂದನೇ ಸ್ಥಾನ, ಎರಡನೇ ಸ್ಥಾನ, ಒಂದನೇ ಸ್ಥಾನ. ಅಲ್ಲಿಗೆ ಹೊರಟುಹೋದ. ಅವನ ಜಾಗಕ್ಕೆ ಬಂದ ಸ್ಪೇನಿನ ಆಲ್ಬರ್ಟ್ ರೋಕಾ ಅದೇ ವರ್ಷದ ನವೆಂಬರಿನಲ್ಲಿ ತಂಡವನ್ನು ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್ ಫೈನಲ್ಲಿನವರೆಗೆ ಒಯ್ದ. ಭಾರತದ ಬೇರಾವ ಕ್ಲಬ್ಬೂ ಅದುವರೆಗೆ ಅಲ್ಲಿ ಮುಟ್ಟಿರಲಿಲ್ಲ. ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ 0-1ರಲ್ಲಿ ಸೋತಿತು.

"ನೋಡಿದ್ರಾ, ಅವನು ಹೋದ ಮೇಲೆ ಇನ್ನೂ ಮೇಲೆ ಹೋಯ್ತು," ಅಂದ ಪ್ರಕಾಶ.

"ಅಡಿಪಾಯ ಹಾಕಿದೋನು ಯಾರು, ಗೃಹಪ್ರವೇಶಕ್ಕೆ ಬಂದು ಪಾಯಸ ಉಂಡೋನು ಯಾರು?"

"ದೋಹಾದಾಗ ಪಾಯಸ ಎಲ್ರೀ ಉಂಡ್ರು, ಸೋತ್ರಲ್ಲ," ಅಂದ ಬಸಣ್ಣ. ಬಸಣ್ಣನ ಕಷ್ಟ ಏನೆಂದರೆ ಅವನು ಯಾರ ಪಕ್ಷ ಅಂತ ಅವನಿಗೂ ಗೊತ್ತಿಲ್ಲ.

ಮುಂದಿನ ಕೆಲವು ವರ್ಷ ಹಳೇ ಚಾಳಿ. ಮಲೇಷಿಯಾದ ಪೆನಾಂಗು, ಅದು ಕೈಗೆ ಹತ್ತಲಿಲ್ಲ. ಕೋಲ್ಕತ್ತದ ಎಟಿಕೆ ಕ್ಲಬ್ಬಿನಲ್ಲಿ ಕೋಚ್ ಟೆಡ್ಡಿ ಷೆರಿಂಗಮ್ಮನನ್ನು ಕಳಿಸಿದಾಗ 2018ರಲ್ಲಿ ಇವನನ್ನು ಕೂರಿಸಿದರು, ಸ್ವಲ್ಪ ದಿನಕ್ಕೆ ಆಟಗಾರ ರಾಬಿ ಕೀನನನ್ನೇ ಕೋಚ್ ಮಾಡಿ ಇವನನ್ನು ಎಬ್ಬಿಸಿದರು. ಆಮೇಲೆ ಪಂಜಾಬಿನ ರೌಂಡ್‌ಗ್ಲಾಸು. 2023ರ ಕೊನೆಗೆ ಆಫ್ಘಾನಿಸ್ತಾನದ ರಾಷ್ಟ್ರೀಯ ತಂಡ.

"ಈಗ ಬಂತು ನೋಡಿ!" ಪ್ರಕಾಶ ಬೆಂಚಿನ ತುದಿಗೆ ಜರುಗಿದ. "ಇವರ ವೆಸ್ಟ್‌ವುಡ್ಡು ನಮಗೆ ಬಾಣ ಬಿಟ್ಟ ಕಥೆ."

2024ರ ಮಾರ್ಚ್ 26, ಗುವಾಹಾಟಿ. ವಿಶ್ವಕಪ್ ಅರ್ಹತಾ ಪಂದ್ಯ. ಛೆಟ್ರಿಯ 150ನೇ ಅಂತಾರಾಷ್ಟ್ರೀಯ ಪಂದ್ಯ, ಸನ್ಮಾನ ಸಿದ್ಧವಾಗಿತ್ತು. ಎದುರು ಬದಿಯಲ್ಲಿ ನಿಂತವನು ಬೆಂಗಳೂರಿನಲ್ಲಿ ಮೂರು ವರ್ಷ ಇದೇ ಛೆಟ್ರಿಯ ತಟ್ಟೆಯ ಎಣ್ಣೆ ಎಣಿಸಿದವನು. ಆಫ್ಘನ್ನರ ಪ್ರಮುಖ ಆಟಗಾರರಲ್ಲಿ ಹಲವರು ತಮ್ಮ ಫೆಡರೇಷನ್ ಮೇಲೆ ಸಿಟ್ಟಾಗಿ ಬಂದೇ ಇರಲಿಲ್ಲ. ಛೆಟ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದ, 1-0. ಎಪ್ಪತ್ತನೇ ನಿಮಿಷಕ್ಕೆ ರಹಮತ್ ಅಕ್ಬರಿ ಸಮ ಮಾಡಿದ. 88ನೇ ನಿಮಿಷಕ್ಕೆ ಗೋಲ್‌ಕೀಪರ್ ಗುರ್‌ಪ್ರೀತ್ ಅಡ್ಡ ಬಂದು ಪೆನಾಲ್ಟಿ ಆಯ್ತು, ಷರೀಫ್ ಮುಖಮ್ಮದ್ ಹೊಡೆದ. 1-2. ಸನ್ಮಾನದ ಶಾಲು ಮಡಿಸಿಟ್ಟಲ್ಲೇ ಚೆನ್ನಾಗಿತ್ತು.

"ಗುರ್‌ಪ್ರೀತೂ ಬೆಂಗಳೂರು ಎಫ್‌ಸಿಯೋನೇ," ಗಿರಿ ನೆನಪಿಸಿದ. "ಎಲ್ಲ ಒಂದೇ ಮನೆಯವರು."

"ಇನ್ನೂ ಮುಗಿದಿಲ್ಲ. 2025ರ ಜೂನ್ 10," ಪ್ರಕಾಶ ಈಗ ಪಕ್ಕಾ ಫುಟ್‌ಬಾಲ್ ಪಂಡಿತನಾಗಿದ್ದ. "ಹಾಂಕಾಂಗು. ಕೈ ತಾಕ್ ಅನ್ನೋ ಹೊಸ ಸ್ಟೇಡಿಯಂ. ಏಷ್ಯನ್ ಕಪ್ ಅರ್ಹತಾ ಪಂದ್ಯ. ಅವರ ಕೋಚ್ ಯಾರು? ಇದೇ ಪುಣ್ಯಾತ್ಮ! ತೊಂಬತ್ತು ನಿಮಿಷ 0-0. ಹೆಚ್ಚುವರಿ ಸಮಯದ ನಾಲ್ಕನೇ ನಿಮಿಷ. ಪೆನಾಲ್ಟಿ. ಸ್ಟೆಫಾನ್ ಪೆರೇರಾ. ಗೋಲು."

"ಸೋಲಿನ ನಿಮಿಷ ಎಲ್ಲಾ ಬಾಯಿಪಾಠ ಮಾಡ್ಯಾನ ನೋಡ್ರಿ, ಆಟ ಅಂದ್ರ ಆಗೋದಿಲ್ಲ ಅಂತಾನ," ಅಂದ ಬಸಣ್ಣ.

"ಸುಬ್ಬಣ್ಣ, ಎದೆ ಮುಟ್ಟಿ ಹೇಳಿ. ಆವತ್ತು ಟಿವಿ ಮುಂದೆ ಕೂತು ಯಾರ ಪರ ಇದ್ರಿ?"

"ಭಾರತದ ಪರ ಕಣಯ್ಯ, ಇದೇನು ಕೇಳೋ ಪ್ರಶ್ನೆ!"

"ಕ್ಯಾಮೆರಾ ವೆಸ್ಟ್‌ವುಡ್ ಮೇಲೆ ಹೋದಾಗ?"

"ಆವಾಗ ನೀರು ಕುಡಿಯೋಕೆ ಎದ್ದು ಹೋಗ್ತಿದ್ದೆ."

"ಎಷ್ಟು ಸಲ?"

"ಸೆಕೆ ಇತ್ತು ಆವತ್ತು."

ಗಿರಿ ಮೊಬೈಲಿನಲ್ಲಿ ಆ ಪೆನಾಲ್ಟಿಯ ದೃಶ್ಯ ಹುಡುಕಿ ತೆಗೆದ. ನಮ್ಮ ಗೋಲ್‌ಕೀಪರ್ ವಿಶಾಲ್ ಕೈತ್ ಚೆಂಡಿಗೆ ಹಾರಿದ್ದು, ತಗುಲಿದ್ದು ಆಟಗಾರನಿಗೆ. ಮೂರು ಸಲ ಹಿಂದೆ ಮುಂದೆ ಓಡಿಸಿ ತೋರಿಸಿದ. "ಈಗ ಹೇಳಿ. ಪೆನಾಲ್ಟಿ ಹೌದೋ ಅಲ್ಲವೋ?"

ಸುಬ್ಬಣ್ಣ ಕನ್ನಡಕ ಇಳಿಸಿ, ಮೊಬೈಲು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಅಲ್ಲ."

"ಗುವಾಹಾಟಿಯಲ್ಲಿ ಗುರ್‌ಪ್ರೀತ್ ಕೊಟ್ಟದ್ದು?"

"ಅದೂ ಅಲ್ಲ. ಬ್ಯಾಕ್ ಆಡಿದೋನು ಜನ್ಮದಲ್ಲಿ ಒಂದು ಪೆನಾಲ್ಟೀನೂ ಒಪ್ಪಬಾರದು. ನಾನು ಒಪ್ಪಿಲ್ಲ."

"ಸರಿ, ಅದೇ ಪಂದ್ಯದಲ್ಲಿ ಛೆಟ್ರಿಗೆ ಸಿಕ್ಕಿದ ಪೆನಾಲ್ಟಿ? ಆಫ್ಘನ್ ಡಿಫೆಂಡರ್ ಕೈಗೆ ಚೆಂಡು ಬಡೀತಲ್ಲ?"

ಸುಬ್ಬಣ್ಣನವರಿಗೆ ಧರ್ಮಸಂಕಟ ಬಂದದ್ದು ಮುಖದಲ್ಲೇ ಕಾಣುತ್ತಿತ್ತು. ಒಂದು ಕಡೆ ದೇಶ, ಇನ್ನೊಂದು ಕಡೆ ಜಾತಿ.

"ಅದೂ ಅಲ್ಲ," ಅಂದರು ಕೊನೆಗೆ. "ಕೈ ಎಲ್ಲಿಟ್ಕೋಬೇಕಿತ್ತಪ್ಪ ಅವನು? ಬಿಚ್ಚಿ ಮನೇಲಿಟ್ಟು ಬರೋಕಾಗುತ್ತಾ?"

ಗಿರಿ ಲೆಕ್ಕ ಹಾಕಿದ. "ಎರಡೂ ಪೆನಾಲ್ಟಿ ತೆಗೆದರೆ ನಾವು ಸೊನ್ನೆ, ಆಫ್ಘಾನಿಸ್ತಾನ ಒಂದು. ಆಗಲೂ ನಾವೇ ಸೋಲ್ತೀವಿ ಸುಬ್ಬಣ್ಣ."

"ಸೋಲಲಿ," ಅಂದರು ಸುಬ್ಬಣ್ಣ, ಬೇಲಿಯಾಚೆ ಬಿದ್ದ ಟವೆಲ್ಲು ತರಲು ಏಳುತ್ತಾ. "ಪೆನಾಲ್ಟಿ ಮಾತ್ರ ಅಲ್ಲ."